ಹೂ ನೋಡಲು ಹೋದವಳು

ಹಡಗಿನ ಕಂಬಿಯ ಮೇಲೆ ಎದ್ದಿದ್ದ ತುಕ್ಕಿನ ಗುಳ್ಳೆಯನ್ನು ಮಿರಾನ್ ಉಗುರಿನಿಂದ ಕೆರೆಯುತ್ತಿದ್ದಳು. ಒಂದು ಚಕ್ಕೆ ಎದ್ದಿತು. ಅದರ ಕೆಳಗೆ ಇನ್ನೊಂದು. ಮೂರನೆಯದಕ್ಕೆ ಕೈ ಹಾಕುವಾಗ ಹಿಂದಿನಿಂದ ದನಿ ಬಂತು.

"ಏನಮ್ಮಾ, ಹಡಗನ್ನೇ ಬಿಚ್ಚಿ ಮನೆಗೆ ಹೊತ್ಕೊಂಡು ಹೋಗ್ತೀಯಾ?"

ಮಿರಾನ್ ಕೈ ಹಿಂದಕ್ಕೆಳೆದುಕೊಂಡಳು. ಹದಿನೆಂಟು ವರ್ಷದ ಅಭ್ಯಾಸ! ಬುಸಾನಿನ ಯೊಂಗ್ಡೊ ದ್ವೀಪದಲ್ಲಿ, ದಡಕ್ಕೆಳೆದ ಹಡಗುಗಳ ಮೈಗೆ ಹಲಗೆ ಇಳಿಬಿಟ್ಟು ಕೂತು, ಸುತ್ತಿಗೆಯಿಂದ ತುಕ್ಕು ಉದುರಿಸುವುದು ಅವಳ ಕೆಲಸ. ತುಕ್ಕು ಕಂಡರೆ ಅವಳ ಕೈ ಸುಮ್ಮನಿರುವುದಿಲ್ಲ.

ಕೇಳಿದವಳು ಬೊಂಗ್‌ಸುನ್ ಅಜ್ಜಿ. ಜಪಾನಿಗೂ ಬುಸಾನಿಗೂ ನಡುವೆ ನಲವತ್ತು ವರ್ಷದಿಂದ ಗಂಟುಮೂಟೆ ಸಾಗಿಸುವ ವ್ಯಾಪಾರದವಳು. ಬೆಳಿಗ್ಗೆ ಫುಕುಓಕಾದ ಹಕಾತಾ ಬಂದರಿನಲ್ಲಿಯೇ, "ಈ ಒಂದು ಚೀಲ ನಿಂದು ಅಂತ ಸುಂಕದೋರಿಗೆ ಹೇಳ್ಬಿಡು ತಾಯಿ, ಪುಣ್ಯ ಬರುತ್ತೆ" ಎಂದು ಗಂಟುಬಿದ್ದಿದ್ದಳು. ಮಿರಾನ್ ಆಗುವುದಿಲ್ಲ ಎಂದಿದ್ದಳು. ಅಜ್ಜಿಗೆ ಬೇಸರವೇನೂ ಆದಂತೆ ಕಾಣಲಿಲ್ಲ.

"ಒಬ್ಬಳೇನಾ?"

"ಒಬ್ಬಳೇ."

"ಗಂಡ?"

"ಹನ್ನೊಂದು ವರ್ಷದ ಹಿಂದೆ ಬಿಟ್ಟೆ."

"ಅವನು ಬಿಟ್ಟನೋ, ನೀನು ಬಿಟ್ಟೆಯೋ?"

"ನಾನು ಬಿಟ್ಟೆ ಅಂತ ಹೇಳ್ದೆನಲ್ಲ ಅಜ್ಜಿ!"

ಅಜ್ಜಿ ಬಿದ್ದುಬಿದ್ದು ನಕ್ಕಳು. "ಮತ್ತೆ ಜಪಾನಿಗೆ ಯಾಕೆ ಹೋದೆ? ಚೆರ್ರಿ ಹೂ ನೋಡೋಕಾ? ನಮ್ಮ ಬುಸಾನ್ ಪಕ್ಕದ ಜಿನ್‌ಹೇನಲ್ಲಿ ರಸ್ತೆ ತುಂಬ ಇದೇ ಹೂವು ಬಿದ್ದಿರುತ್ತಲ್ಲ!"

"ಅಲ್ಲಿ ಕೂತ್ರೆ ಹತ್ತು ಜನ ಬಂದು, ಒಬ್ಬಳೇನಾ ಅಂತ ಕೇಳ್ತಾರೆ."

"ನಾನೂ ಕೇಳ್ದೆ, ಅಲ್ವಾ?"

"ಕೇಳಿದ್ರಿ."

ಮಿರಾನ್‌ಗೆ ನಗು ಬಂತು. ಮೂರು ದಿನದಲ್ಲಿ ಮೊದಲ ನಗು.

ನಿಜ ಹೇಳಬೇಕೆಂದರೆ ಅವಳು ಒಬ್ಬಳೇ ಹೊರಟವಳಲ್ಲ. ಟಿಕೆಟ್ ಎರಡಿದ್ದವು. ಎರಡನೆಯದು ಜೇಮುನ್‌ನದು.

ಜೇಮುನ್ ಹಡಗಿನ ಇಂಜಿನ್ ರಿಪೇರಿಯವನು. ಎರಡು ವರ್ಷದ ಹಿಂದೆ ಒಂದು ಮಧ್ಯಾಹ್ನ ಅವಳು ಹಲಗೆಯ ಮೇಲೆ ಕೂತು ಸುತ್ತಿಗೆ ಬೀಸುತ್ತಿದ್ದಾಗ, ಕೆಳಗೆ ನೆರಳಿನಲ್ಲಿ ಶಾವಿಗೆ ತಿನ್ನುತ್ತಿದ್ದವನ ಬಟ್ಟಲಿಗೆ ಅಂಗೈಯಗಲದ ತುಕ್ಕಿನ ಚಕ್ಕೆ ಬಿದ್ದಿತ್ತು. ಬೈಗುಳ ಕೇಳಲು ಅವಳು ಸಿದ್ಧಳಾಗಿದ್ದಳು. ಅವನು ತಲೆಯೆತ್ತಿ, "ಮೇಲಿರೋ ಅಕ್ಕಾವ್ರೇ, ಖಾರ ಸರಿಯಾಗಿದೆ, ಕಬ್ಬಿಣ ಸ್ವಲ್ಪ ಜಾಸ್ತಿ!" ಎಂದಿದ್ದ.

ಅಷ್ಟೇ. ಅಲ್ಲಿಂದ ಶುರು.

ವಸಂತ ಬಂತೆಂದರೆ ದೋಣಿಗಳೆಲ್ಲ ರಿಪೇರಿಗೆ ದಡ ಹತ್ತುತ್ತವೆ. ಊರೆಲ್ಲ ಹೂ ನೋಡಲು ಹೋಗುವಾಗ ಮಿರಾನ್ ಹಲಗೆಯ ಮೇಲಿರುತ್ತಾಳೆ. ಹದಿನೆಂಟು ವಸಂತ ಹಾಗೆಯೇ ಉದುರಿಹೋಗಿದ್ದವು. ಇದು ಗೊತ್ತಾದಾಗ ಜೇಮುನ್ ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟು, "ಈ ವರ್ಷ ಹೋಗ್ತೀವಿ. ನಿನ್ನನ್ನ ಯಾರೂ ಗುರುತಿಸದ ಕಡೆ ಹೋಗ್ತೀವಿ" ಎಂದಿದ್ದ.

ಗುರುವಾರ ಬೆಳಿಗ್ಗೆ ಬುಸಾನ್ ಬಂದರಿನಲ್ಲಿ ಅವಳು ಗೇಟು ಮುಚ್ಚುವ ಹೊತ್ತಾಗುವವರೆಗೆ ಕಾದಳು. ಬಂದದ್ದು ಅವನಲ್ಲ, ಸಂದೇಶ.

*ಬರೋಕಾಗಲ್ಲ. ನೀನು ಹೋಗು. ದಯವಿಟ್ಟು ಹೋಗು.*

ಕಾರಣವಿಲ್ಲ. ಕ್ಷಮೆಯಿಲ್ಲ. ಕರೆ ಮಾಡಿದರೆ ಎತ್ತಲಿಲ್ಲ.

'ದಯವಿಟ್ಟು ಹೋಗು...' ಬಾಗಿಲಿಗೆ ಬಂದ ಭಿಕ್ಷುಕರಿಗೆ ಹೇಳುವ ಹಾಗೆ! ಅವರಿಬ್ಬರ ಮದುವೆಯ ಮಾತೆತ್ತಿ ಅವನ ಅಕ್ಕ ಒಕ್ಜು ಹಿಂದಿನ ವಾರವಷ್ಟೇ ಮೀನಿನ ಅಂಗಡಿಯ ಮುಂದೆ ನಾಲ್ಕು ಜನರಿಗೆ ಕೇಳುವ ಹಾಗೆ ಹೇಳಿದ್ದಳು, "ಒಂದು ಮನೆ ಬಿಟ್ಟವಳಿಗೆ ಎರಡನೇದು ಬಿಡೋದು ಸುಲಭ." ಆ ಮಾತು ಕೊನೆಗೂ ಅವನೊಳಗೆ ಇಳಿಯಿತೇನೋ...

ಮನೆಗೆ ಮರಳಬಹುದಿತ್ತು. ಮರಳಿದ್ದರೆ ಯೊಂಗ್ಡೊ ಪೂರ್ತಿ ಅಯ್ಯೋ ಪಾಪ ಎನ್ನುತ್ತಿತ್ತು.

'ಇಲ್ಲ! ಹೋಗು ಅಂದನಲ್ಲ? ಹೋಗ್ತೀನಿ!'

ಫೋನಿನಲ್ಲಿ ಅವನ ನಂಬರನ್ನು ಬ್ಲಾಕ್ ಮಾಡಿ ಅವಳು ಹಡಗು ಹತ್ತಿದ್ದಳು.

ಫುಕುಓಕಾದ ಹಳೆಯ ಕೋಟೆಯ ಕಂದಕದ ಪಕ್ಕ ಚಾಪೆ ಹಾಸಿ, ಸುತ್ತಲಿನ ಸಂಸಾರಗಳ ನಡುವೆ ಒಬ್ಬಳೇ ಕೂತು ಬುತ್ತಿ ಉಂಡಳು. ಮೊದಲ ದಿನ ತುತ್ತು ಗಂಟಲಲ್ಲಿ ಇಳಿಯಲಿಲ್ಲ. ಎರಡನೆಯ ದಿನ ಇಳಿಯಿತು. ಪಕ್ಕದ ಚಾಪೆಯ ಹೆಂಗಸು ಎಲೆಯಲ್ಲಿ ಸುತ್ತಿದ ಅಕ್ಕಿಯ ಸಿಹಿಯೊಂದನ್ನು ಇತ್ತ ಸರಿಸಿ, ಏನೂ ಕೇಳದೆ ತನ್ನ ಪಾಡಿಗೆ ತಾನು ಹೂ ನೋಡುತ್ತ ಕೂತಳು. ಗಾಳಿ ಬಂದಾಗ ದಳಗಳು ಮಿರಾನ್‌ಳ ಮಡಿಲಿಗೂ ಬಿದ್ದವು. ಇಬ್ಬರು ಕೂತ ಚಾಪೆಗೆ ಎಷ್ಟು ಬಿದ್ದವೋ, ಅಷ್ಟೇ.

ಅಲ್ಲಿಯೇ ತೀರ್ಮಾನಿಸಿದ್ದಳು. ಬುಸಾನಿಗೆ ಇಳಿದು ನೇರ ಅವನ ಅಂಗಡಿಗೆ ಹೋಗಿ ಮುಖಕ್ಕೆ ಹೇಳುವುದು: ಮುಗೀತು.

"ಯಾವೂರು ನಿಂದು?" ಅಜ್ಜಿ ಕೇಳಿದಳು.

"ಯೊಂಗ್ಡೊ."

"ಹೌದಾ! ಹಾಗಾದ್ರೆ ಹ್ವಾಂಗ್ ಮೇಸ್ತ್ರಿ ಗೊತ್ತಿರ್ಬೇಕಲ್ಲ? ಇಂಜಿನ್ ಅಂಗಡಿಯವರು. ಹೋಗ್ಬಿಟ್ರಂತೆ ಪಾಪ... ಗುರುವಾರ ಬೆಳಗಿನ ಜಾವ. ನನ್ನ ಮಗಳು ಫೋನಲ್ಲಿ ಹೇಳಿದ್ಲು."

ಮಿರಾನ್‌ಳ ಕೈ ಕಂಬಿಯ ಮೇಲೆ ಬಿಗಿಯಾಯಿತು.

"ಹೆಂಡತಿ ಮಕ್ಕಳು ಯಾರೂ ಇರ್ಲಿಲ್ಲ. ಶಿಷ್ಯ ಒಬ್ಬ ಇದಾನಂತೆ, ಅವನೇ ಮಗನ ಜಾಗದಲ್ಲಿ ತೋಳಿಗೆ ಶೋಕದ ಪಟ್ಟಿ ಕಟ್ಕೊಂಡು ಮೂರು ದಿನ ಕದಲದೆ ನಿಂತ್ನಂತೆ. ಇವತ್ತು ಬೆಳಿಗ್ಗೆ ದಹನ."

ಹ್ವಾಂಗ್ ಮೇಸ್ತ್ರಿ! ಹದಿನಾರನೆಯ ವಯಸ್ಸಿಗೆ ದಿಕ್ಕಿಲ್ಲದೆ ಬಂದ ಜೇಮುನ್‌ಗೆ ಅನ್ನ ಹಾಕಿ ಕೆಲಸ ಕಲಿಸಿದ ಮುದುಕ.

"ಅಜ್ಜಿ... ಒಂದು ಮಾತು. ಸಾವಾಗಿದೆ ಅಂತ ಅವನು... ಹಡಗು ಹತ್ತೋಳಿಗೆ ಯಾಕೆ ಹೇಳಲ್ಲ?"

ಅಜ್ಜಿ ಕಣ್ಣರಳಿಸಿ ನೋಡಿದಳು. "ಎಲ್ಲಾದ್ರೂ ಉಂಟಾ! ಸಮುದ್ರಕ್ಕೆ ಹೊರಟೋರಿಗೆ ಸತ್ತ ಮನೆಯೋರು ಸಾವಿನ ಸುದ್ದಿ ಹೇಳ್ತಾರಾ? ಸೂತಕದೋನು ಬಂದರಿನ ಹತ್ತಿರವೂ ಸುಳಿಯಲ್ಲ, ದನಿಯನ್ನೂ ಕೇಳಿಸಲ್ಲ. ಯೊಂಗ್ಡೊದವಳಾಗಿ ಇಷ್ಟೂ ಗೊತ್ತಿಲ್ವಾ?"

ಗೊತ್ತಿತ್ತು. ಚೆನ್ನಾಗಿಯೇ ಗೊತ್ತಿತ್ತು. ತಾನು ತಿಂಗಳುಗಟ್ಟಲೆ ಕೆರೆದು ಬಣ್ಣ ಬಳಿದ ದೋಣಿ ನೀರಿಗಿಳಿಯುವ ದಿನ, ಹೆಂಗಸು ಎಂಬ ಕಾರಣಕ್ಕೆ ಅವಳನ್ನು ಹಗ್ಗದಾಚೆ ನಿಲ್ಲಿಸುವ ದಂಡೆ ಅದು.

ಕಣ್ಣು ತುಂಬಿ ಬಂತು. ಅವನು ಬಿಟ್ಟುಹೋಗಿರಲಿಲ್ಲ... ತಾನು ಹೂವಿನ ಕೆಳಗೆ ಅವನನ್ನು ಶಪಿಸುತ್ತಿದ್ದಾಗ ಅವನು ಹೆಣದ ಮುಂದೆ ನಿಂತಿದ್ದ.

ಅದರ ಹಿಂದೆಯೇ ಸಿಟ್ಟೂ ಬಂತು. 'ನನಗಾಗಿ ಹೆದರಿದೆ, ಸರಿ. ನನ್ನನ್ನ ಒಂದು ಮಾತು ಕೇಳಬೇಕು ಅನ್ನಿಸಲಿಲ್ವಾ?'

ಬುಸಾನ್ ಗುಡ್ಡಗಳು ಕಾಣುವವರೆಗೂ ಅವಳು ಕಂಬಿ ಬಿಡಲಿಲ್ಲ.

ಬಂದರಿನ ಹೊರಗೆ, ಅಗಲ ರಸ್ತೆಯ ಆಚೆ ಬದಿಯಲ್ಲಿ ಜೇಮುನ್ ನಿಂತಿದ್ದ. ಕಪ್ಪು ಸೂಟು, ತೋಳಿನಲ್ಲಿ ಪಟ್ಟಿ, ಮೂರು ದಿನದ ಗಡ್ಡ. ಅವಳನ್ನು ಕಂಡು ಒಂದು ಹೆಜ್ಜೆ ಮುಂದಿಟ್ಟ. ಮತ್ತೆ ಹಿಂದಿಟ್ಟ.

ಮಿರಾನ್ ಚೀಲ ಎಳೆದುಕೊಂಡು ರಸ್ತೆ ದಾಟಿದಳು.

"ಅಲ್ಲೇ ನಿಲ್ಲು!" ಅವನು ಕೈ ಅಡ್ಡ ಹಿಡಿದ. "ದಹನ ಮುಗಿಸಿ ನೇರ ಬಂದಿದ್ದೀನಿ. ಮೈಮೇಲೆ ಇನ್ನೂ ಸೂತಕ ಕಳೆಯೋ ಉಪ್ಪು ಎರಚ್ಕೊಂಡಿಲ್ಲ. ದೂರದಿಂದ ನೋಡಿ ಹೋಗೋಣ ಅಂತ ಬಂದೆ, ಅಷ್ಟೇ..."

"ಹತ್ತಿರ ಬಂದ್ರೆ ಏನಾಗುತ್ತೆ?"

"ಕೆಟ್ಟದಾಗುತ್ತೆ."

"ಈ ಮೂರು ದಿನ ನನಗಾಗಿದ್ದಕ್ಕಿಂತ ಕೆಟ್ಟದ್ದಾ?"

ಅವನು ಬಾಯಿ ತೆರೆಯುವುದರೊಳಗೆ ಅವಳು ಅವನ ಕೈ ಹಿಡಿದಿದ್ದಳು. ಧೂಪದ ವಾಸನೆ. ಅವನ ಬೆರಳುಗಳು ತಣ್ಣಗಿದ್ದವು.

"ಮಿರಾನ್, ಜನ ನೋಡ್ತಿದಾರೆ..."

"ನೋಡ್ಲಿ! ನೀನು ನನ್ನನ್ನ ಬಿಟ್ಟೆ ಅಂದ್ಕೊಂಡಿದ್ದೆ ಕಣೋ. ಇವತ್ತು ಬಂದು ಮುಗೀತು ಅಂತ ಹೇಳೋಳಿದ್ದೆ. ಒಂದು ಮಾತು, ಒಂದೇ ಒಂದು ಮಾತು ಹೇಳಿದ್ರೆ ನಿನ್ನ ಗಂಟು ಏನು ಹೋಗ್ತಿತ್ತು? ಶಕುನಕ್ಕೆ ಅಷ್ಟು ಹೆದರ್ತೀಯಾ?"

ಜೇಮುನ್ ತಲೆ ತಗ್ಗಿಸಿದ. ಮೆಲ್ಲಗೆ ಹೇಳಿದ.

"ಶಕುನಕ್ಕೆ ಅರ್ಧ ಹೆದರಿದೆ. ಇನ್ನರ್ಧ ನಿನಗೆ."

"ನನಗಾ?"

"ಹೇಳಿದ್ರೆ ನೀನು ವಾಪಸ್ ಬರ್ತಿದ್ದೆ. ಮೂರು ದಿನ ಅಡುಗೆಮನೆಯಲ್ಲಿ ನಿಂತು, ಬಂದೋರಿಗೆಲ್ಲ ಖಾರದ ಸಾರು ಬಡಿಸ್ತಿದ್ದೆ. ಹದಿನೆಂಟು ವರ್ಷ ಆಯ್ತು ನೀನು ಹೂ ನೋಡಿ... ಈ ಸಲವೂ ನನ್ನಿಂದ ತಪ್ಪೋದು ಬೇಡ ಅನ್ನಿಸ್ತು."

ದಯವಿಟ್ಟು ಹೋಗು... ಆ ಮಾತು ಈಗ ಬೇರೆ ದನಿಯಲ್ಲಿ ಕೇಳಿಸಿತು. ಆದರೂ ಕೈ ಸಡಿಲಿಸದೆ ಹೇಳಿದಳು.

"ಕೇಳು ಜೇಮುನ್. ಸಾರು ಬಡಿಸೋದೋ ಹೂ ನೋಡೋದೋ, ಆರಿಸೋಳು ನಾನು. ಮೇಸ್ತ್ರಿ ನನಗೂ ಬೇಕಾದೋರೇ. ನನ್ನ ಒಳ್ಳೇದಕ್ಕೆ ಅಂತ ನನ್ನನ್ನ ಬಿಟ್ಟು ತೀರ್ಮಾನ ಮಾಡೋನು ಒಬ್ಬ ಇದ್ದ. ಅವನನ್ನೇ ಹನ್ನೊಂದು ವರ್ಷದ ಹಿಂದೆ ಬಿಟ್ಟು ಬಂದೆ."

ಅವನು ತಲೆಯೆತ್ತಿದ. ಕಣ್ಣು ಕೆಂಪಗಿತ್ತು. "ತಪ್ಪಾಯ್ತು... ಇನ್ನು ಮೇಲೆ ಕೇಳ್ತೀನಿ. ಕೆಟ್ಟ ಸುದ್ದಿಯಾದ್ರೂ ಮೊದಲು ನಿನಗೇ ಹೇಳ್ತೀನಿ."

"ಸರಿ. ನಡಿ."

"ಎಲ್ಲಿಗೆ?"

"ಮೇಸ್ತ್ರಿ ಹತ್ತಿರ."

"ಈಗ್ಲೇನಾ? ಅಂಗಡಿ ತುಂಬ ಜನ ಊಟಕ್ಕೆ ಕೂತಿದಾರೆ. ಅಕ್ಕ ಎಲ್ಲರ ಹತ್ರ ಹೇಳ್ಕೊಂಡು... ನಿನ್ನ ಕೋಟು ಬೇರೆ ಹಳದಿ!"

ಮಿರಾನ್ ತನ್ನ ಕೋಟನ್ನೊಮ್ಮೆ ನೋಡಿಕೊಂಡಳು. ಹೂವಿಗೆಂದೇ ಕೊಂಡದ್ದು.

"ಇದೇ ಇರೋದು" ಎಂದಳು.

ಇಂಜಿನ್ ಅಂಗಡಿಯ ಬಾಗಿಲಲ್ಲಿ ಅವಳ ಚೀಲದ ಚಕ್ರದ ಸದ್ದಿಗೆ ಮಾತೆಲ್ಲ ನಿಂತುಹೋಯಿತು. ಕಪ್ಪು ಬಟ್ಟೆಯ ಇಪ್ಪತ್ತು ಜನ. ಬಟ್ಟಲಿಂದ ಮೇಲೆದ್ದ ಚಮಚಗಳು ಅಲ್ಲಲ್ಲೇ ಉಳಿದವು.

ಒಕ್ಜು ಎದ್ದು ಬಂದಳು. "ಬಂದ್ಯಾ ಮಹಾತಾಯಿ? ಇಲ್ಲಿ ಹೆಣ ಬಿದ್ದಿರುವಾಗ ಹೂ ನೋಡೋಕೆ ಹೋದವಳು ಅಂತ ಊರೆಲ್ಲ ಮಾತಾಡ್ತಿದೆ! ಈ ಬಣ್ಣದಲ್ಲಿ ಒಳಗೆ ಬರ್ತೀಯಾ?"

"ಅಕ್ಕಾ, ಅವಳಿಗೆ ಗೊತ್ತಿರ್ಲಿಲ್ಲ. ನಾನೇ..." ಜೇಮುನ್ ಮುಂದೆ ಬಂದ.

ಮಿರಾನ್ ಅವನ ತೋಳು ಮುಟ್ಟಿ ತಡೆದಳು.

"ಹೌದಕ್ಕಾ, ಹೋಗಿದ್ದೆ. ಒಬ್ಬಳೇ ಹೋಗಿದ್ದೆ. ಚೆನ್ನಾಗಿತ್ತು. ಈಗ ಮೇಸ್ತ್ರಿಗೆ ನಮಸ್ಕಾರ ಮಾಡೋಕೆ ಬಂದಿದ್ದೀನಿ. ದಾರಿ ಬಿಡಿ."

ಒಕ್ಜು ಸರಿಯಲಿಲ್ಲ. ಮಿರಾನ್ ಅವಳನ್ನು ಬಳಸಿಕೊಂಡು ಒಳಗೆ ಹೋದಳು. ಕಪ್ಪು ಪಟ್ಟಿಯ ಚಿತ್ರದೊಳಗೆ ಮುದುಕ ಎಂದಿನಂತೆ ಒಂದು ಕಣ್ಣು ಕಿರಿದು ಮಾಡಿ ನೋಡುತ್ತಿದ್ದ. ಅವಳು ಧೂಪ ಹಚ್ಚಿದಳು. ಹಳದಿ ಕೋಟಿನಲ್ಲಿಯೇ ಮಂಡಿಯೂರಿ, ಹಣೆ ನೆಲಕ್ಕೆ ಮುಟ್ಟುವಂತೆ ಎರಡು ಸಲ ನಮಸ್ಕರಿಸಿದಳು. ಎರಡನೆಯ ಸಲ ಏಳಲು ಸ್ವಲ್ಪ ತಡವಾಯಿತು. ಭುಜಗಳು ಅಲುಗಿದವು.

ಮೂಲೆಯಲ್ಲಿ ಕೂತಿದ್ದ ಒಬ್ಬ ಮುದಿ ನಾವಿಕ ಗೊಣಗಿದ, "ಮೇಸ್ತ್ರಿಗೆ ಹಳದಿ ಇಷ್ಟಾನೇ ಇತ್ತು ಕಣ್ರೋ." ಯಾರೋ ನಕ್ಕರು. ಚಮಚಗಳು ಮತ್ತೆ ಬಟ್ಟಲಿಗೆ ಇಳಿದವು.

ಒಕ್ಜು ಒಂದು ಬಟ್ಟಲು ಸಾರು ತಂದು ಮಿರಾನ್‌ಳ ಮುಂದೆ ಠಣ್ಣನೆ ಕುಕ್ಕಿ ಹೋದಳು.

ಸಂಜೆಯ ಬಿಸಿಲು ಓರೆಯಾದಾಗ ಇಬ್ಬರೂ ಅಂಗಡಿಯ ಹಿಂದಿನ ಮೆಟ್ಟಿಲಲ್ಲಿ ಕೂತಿದ್ದರು. ಗುಡ್ಡದ ಕಡೆಯಿಂದ ಗಾಳಿ ಬಂದು ಕೊನೆಯ ದಳಗಳನ್ನು ಎಣ್ಣೆ ಕಲೆಯ ಅಂಗಳಕ್ಕೆ ತಂದು ಹಾಕುತ್ತಿತ್ತು.

"ಈಗ ನಾನು ಸೂತಕದವನು. ಮದುವೆಗೆ ಒಂದು ವರ್ಷ ಕಾಯಬೇಕು ಅಂತಾಳೆ ಅಕ್ಕ" ಎಂದ ಜೇಮುನ್.

"ನೀನೇನಂತೀಯಾ?"

"ನಾನು ಏನೂ ಅನ್ನಲ್ಲ. ನಿನ್ನನ್ನ ಕೇಳ್ತಿದ್ದೀನಿ. ಯಾವಾಗ? ಅಥವಾ... ಬೇಡವಾ?"

ಅವಳು ಅವನ ಗಡ್ಡದ ಕೆನ್ನೆಯ ಮೇಲೆ ಅಂಗೈಯಿಟ್ಟಳು. ಸುತ್ತಿಗೆ ಹಿಡಿದು ಕಲ್ಲಾದ ಅಂಗೈ. ಅವನು ಕಣ್ಣು ಮುಚ್ಚಿಕೊಂಡ.

"ನಿದ್ದೆ ಮಾಡಿಲ್ಲ ನೀನು" ಎಂದಳು.

"ಉತ್ತರ ಹೇಳು."

"ಮೊದಲು ನಿದ್ದೆ ಮಾಡು."

"ಮಿರಾನ್..."

"ನಾನೆಲ್ಲಿಗೂ ಹೋಗಲ್ಲ ಕಣೋ. ಮಲಗು."

ಮೂರು ದಿನದ ನಿದ್ದೆ ಅವನನ್ನು ಅಲ್ಲಿಯೇ, ಅವಳ ಭುಜದ ಮೇಲೆಯೇ ಹಿಡಿಯಿತು. ಒಳಗೆ ಒಕ್ಜು ಪಾತ್ರೆ ಜೋಡಿಸುತ್ತ ಯಾರಿಗೋ ಶುಭ ಅಶುಭಗಳ ಪಟ್ಟಿ ಒಪ್ಪಿಸುತ್ತಿದ್ದಳು.

ಸೋಮವಾರ ಕೆಲಸಕ್ಕೆ ಹೋಗುವ ಮೊದಲು ವಾರ್ಡ್ ಕಚೇರಿಗೆ ಹೋಗಿ ಮದುವೆ ನೋಂದಣಿಯ ಅರ್ಜಿ ತರಬೇಕು. ತನ್ನ ಹೆಸರು ತಾನೇ ಬರೆದು, ಅವನ ಹೆಸರಿನ ಜಾಗ ಖಾಲಿ ಬಿಟ್ಟು, ಅವನ ಕೈಗೆ ಕೊಟ್ಟು ಕೇಳಬೇಕು. ವರ್ಷ ಕಾಯದೆ ಆ ವಾರವೇ ಆಗೋಣವಾ ಎಂದು.

ಮಿರಾನ್ ಅದನ್ನು ಯಾರಿಗೂ ಹೇಳಲಿಲ್ಲ. ಅವನ ತಲೆ ಜಾರದಂತೆ ಭುಜವನ್ನು ಸ್ವಲ್ಪ ಎತ್ತರಿಸಿ ಕೂತಳು.