ಸತ್ತ ಹಳ್ಳದ ಜೀವಂತ ಹುಳಗಳು

"ಅಲ್ಲೇ ನಿಲ್ಲಿ! ಹೆಜ್ಜೆ ಎತ್ತಬೇಡಿ!"

ಮೊಣಕಾಲುದ್ದ ನೀರಲ್ಲಿದ್ದ ಅವಳ ಎದೆ ಧಸಕ್ಕಂತು. ಆ ಹಳ್ಳದಲ್ಲಿ ಕಪ್ಪೆ ಕೂಗಲ್ಲ, ಸೊಳ್ಳೆ ಕೂಡ ಕಚ್ಚಲ್ಲ. ಅಂಥ ಕಡೆ ಮನುಷ್ಯನ ದನಿ!

ಸೇತುವೆ ಕೆಳಗಿನ ಕತ್ತಲಲ್ಲಿ ಒಬ್ಬ ನಿಂತಿದ್ದ.

"ಮುಂದೆ ಗುಂಡಿ ಇದೆ. ನಾನು ಇಲ್ಲಿ ನೀರಿನ ಮಟ್ಟ ನೋಡೋನು. ದೆವ್ವ ಅಲ್ಲ."

"ದೆವ್ವ ಆಗಿದ್ರೆ ಇಷ್ಟು ಮರ್ಯಾದೆ ಕೊಡ್ತಿರಲಿಲ್ಲ ಬಿಡಿ," ಅಂದಳು.

ಅವಳ ಕೆಲಸ ಕೇಳಿದ್ರೆ ನಗ್ತೀರಿ. ಹಳ್ಳದ ತಳವನ್ನ ಒದೆಯೋದು! ಒದ್ದಾಗ ಕಲ್ಲಿನಡಿಯ ಹುಳಗಳು ಎದ್ದು, ಹರಿವಿನ ಜೊತೆ ಬಂದು ಬಲೆಗೆ ಬೀಳ್ತವೆ. ಕೊಳಕು ತಾಳದ ನಾಜೂಕು ಹುಳ ಸಿಕ್ಕಿದ್ರೆ ಹಳ್ಳ ಆರೋಗ್ಯವಾಗಿದೆ ಅಂತ. ಏನೂ ಸಿಗದಿದ್ರೆ ಸತ್ತಿದೆ ಅಂತ ಲೆಕ್ಕ.

ಅವತ್ತಿಂದ ಅವಳು ಒದೆಯೋದು, ಅವನು ಬಲೆ ಹಿಡಿಯೋದು.

"ಅಂತೂ ನಿನ್ನ ಒದೆಗೆ ಹೆದರದ ಗಂಡು ಸಿಕ್ಕಿದ ಕಣೇ!" ಅಂತ ಅಕ್ಕ ಫೋನಲ್ಲಿ ಕಾಡಿಸಿದ್ಳು.

ಬಲೆ ಮಾತ್ರ ಪ್ರತಿ ಸಲ ಖಾಲಿ. ಮೇಲ್ಗಡೆ ಬಟ್ಟೆ ಬಿಳುಪು ಮಾಡೋ ಕಾರ್ಖಾನೆ, ಅದರ ಕೊಳಕು ನೀರೆಲ್ಲ ಇಲ್ಲಿಗೇ. ಕಲ್ಲುಗಳೆಲ್ಲ ಮೂಳೆ ಥರ ಬೆಳ್ಳಗೆ. ನಂಬಿದ್ರೆ ನಂಬಿ... ಹೋದ ತಿಂಗಳು ಬಿದ್ದ ಎಲೆ ತಿನ್ನೋರಿಲ್ಲದೆ, ಕೊಳೆಯದೆ, ತಳದಲ್ಲಿ ಇಡಿಯಾಗೇ ಮಲಗಿತ್ತು!

"ಮುಂದಿನ ಸಲವೂ ಹೀಗೇ ಆದ್ರೆ, ಸತ್ತಿದೆ ಅಂತ ವರದಿ ಕೊಡಬೇಕು," ಅಂದಳು.

ಅವನು ಖಾಲಿ ಬಲೆಯನ್ನ ಇನ್ನೊಂದು ಸಲ ಕೊಡವಿದ.

ಮುಂದಿನ ಸಲ ಬಲೆ ಎತ್ತಿದ್ರೆ ಒಳಗೆಲ್ಲ ಮಿಜಿಮಿಜಿ! ಮೂರು ಬಾಲದ ಚಪ್ಪಟೆ ಹುಳಗಳು ಒಂದರ ಮೇಲೊಂದು ಹತ್ತಿ, ಅವಳ ಬೆರಳಿಗೆ ಅಂಟ್ಕೊಂಡವು. ಮೈ ಜುಮ್ಮಂತು. ಸತ್ತಿದ್ದು ಎದ್ದು ಬಂತಾ?

ಮರುಗಳಿಗೆ ಅವಳ ಮುಖ ಬಿಗೀತು.

"ಈ ಹುಳ ಬದುಕೋದು ಭೋರ್ಗರೆಯೋ ನೀರಲ್ಲಿ. ಇಲ್ಲಿ ನೀರು ತೆವಳುತ್ತೆ! ಯಾರು ತಂದು ಬಿಟ್ರು? ಕಾರ್ಖಾನೆಯವರು ಹೇಳಿದ್ರಾ ನಿಮಗೆ?"

"ಛೇ, ಇಲ್ಲ! ಗುಡ್ಡದ ತೊರೆಯಿಂದ ನಾನೇ ತಂದೆ. ಬಕೆಟಲ್ಲಿ."

"ನನ್ನ ಕೆಲಸಕ್ಕೇ ಮಣ್ಣು ಹಾಕಿದ್ರಲ್ಲ! ಯಾಕೆ?"

"ಸತ್ತಿದೆ ಅಂದ್ಮೇಲೆ... ನೀವು ಮತ್ತೆ ಬರಲ್ವಲ್ಲ."

ಅಷ್ಟರಲ್ಲಿ ಅವಳ ಬೆರಳಿಗೆ ಅಂಟಿದ್ದ ಹುಳಗಳ ಹಿಡಿತ ಸಡಿಲ ಆಯ್ತು. ಒಂದು ಹುಳ ಉದುರ್ತು. ಇನ್ನೊಂದು...

"ಅಯ್ಯೋ, ಸಾಯ್ತಿವೆ! ಬಕೆಟ್ ತಗೊಳ್ಳಿ!"

ಇಬ್ಬರೂ ಗುಡ್ಡ ಹತ್ತಿ ಓಡಿದ್ರು. ಉಳಿದ ಹುಳಗಳು ತೊರೆಯ ಕಲ್ಲಿನಡಿ ನುಸುಳೋ ತನಕ ಬಗ್ಗಿ ನೋಡ್ತಾ ಕೂತಿದ್ರು.

"ಹಳ್ಳ ಸತ್ತಿದೆ ಅಂತಾನೇ ಬರೀತೀನಿ," ಅಂದಳು.

"ಬರೀರಿ. ತಪ್ಪು ನಂದೇ." ಅವನು ಎದ್ದು ಹೊರಟ.

"ನಿಲ್ಲೋ, ದಡ್ಡ! ಸತ್ತ ಹಳ್ಳಕ್ಕೇ ಜಾಸ್ತಿ ಬರಬೇಕು. ಜೀವ ವಾಪಸ್ ಬಂತಾ ಅಂತ ಯಾರು ನೋಡ್ತಾರೆ?"

ಅವನು ಗಕ್ಕನೆ ತಿರುಗಿದ. "ಅದಕ್ಕೆ ಎಷ್ಟು ಕಾಲ ಬೇಕು?"

"ಒಂದು ಜನ್ಮ ಹಿಡಿಬಹುದು... ಒಬ್ಬಳೇ ಕಾಯೋಕೆ ನಂಗೆ ಭಯ."

"ನಂಗೂ. ಆ ನೀರು ಕಂಡ್ರೆ ಮೊದಲಿಂದ್ಲೂ ಭಯ."

"ಮತ್ತೆ ಮೊಣಕಾಲ ತನಕ ಇಳಿದು ಬಲೆ ಹಿಡೀತಿದ್ಯಲ್ಲ?"

"ನೀನು ಎದುರಿಗಿರ್ತಿದ್ದೆ. ನೀರು ಯಾರು ನೋಡಿದ್ರು?"