ಬಡೇಸಾಬನ ಅಂಗಳದ ಕಮಾನು ಗಾಡಿ

ಒಂದೇ ಸೈಕಲ್ಲಿನ ಮೇಲೆ ಮೂರು ಮಕ್ಕಳನ್ನು ಹೇರಿಕೊಂಡು ಬಂದ ಗಂಡಸಿನ ತಲೆಯಲ್ಲಿ ಏನಿದೆ ಎಂಬುದು ಶಹರಬಾನುಗೆ ನೋಡಿದ ಕೂಡಲೇ ಗೊತ್ತಾಯಿತು. ಏನೂ ಇರಲಿಲ್ಲ.

ಮುಂದಿನ ಕಂಬಿಯ ಮೇಲೆ ಗಂಡು ಹುಡುಗ, ಹಿಂದಿನ ಕ್ಯಾರಿಯರ್ ಮೇಲೆ ದೊಡ್ಡ ಹುಡುಗಿ, ಅವಳ ಮಡಿಲಲ್ಲಿ ಮೂಗು ಸೋರುವ ಇನ್ನೊಂದು ಪುಟ್ಟದು. ಹ್ಯಾಂಡಲ್ಲಿಗೆ ಕಲಾಯಿ ಹಾಕುವವರ ತಿದಿ, ಮಸಿ ಹಿಡಿದ ಚೀಲ. ತಾನು ಹತ್ತಲು ಜಾಗ ಉಳಿಯದೆ ಬಸವಾಪಟ್ಟಣದ ಸಂತೆಯಿಂದ ಆ ಸೈಕಲ್ಲನ್ನು ತಳ್ಳಿಕೊಂಡೇ ಬಂದಿದ್ದ, ಪುಣ್ಯಾತ್ಮ.

ಚನ್ನಗಿರಿಯ ಬಡೇಸಾಬನ ಅಂಗಳಕ್ಕೆ ಹಳೇ ಗಾಡಿ ಕೊಳ್ಳಲು ಬರುವವರನ್ನು ಅಳೆಯುವುದು ಅವನ ಮಗಳು ಶಹರಬಾನುಗೆ ದಿನದ ಮೋಜು. ಜಗಲಿಯಲ್ಲಿ ಕೂತು ಗಾಡಿಯ ಮೆತ್ತೆಗೆ ಹುಲ್ಲು ತುಂಬಿ ಹೊಲಿಯುವುದು ಅವಳ ಕೆಲಸ. ಬಂದವರನ್ನು ಹರಿದು ಚಿಂದಿ ಮಾಡುವುದು ಅವಳ ಸುಖ. ಚಕ್ರ ತಟ್ಟಿ ಎಲ್ಲ ಬಲ್ಲವರಂತೆ ತಲೆಯಾಡಿಸುವ ದಡ್ಡರು, ಗಂಟು ತುಂಬ ದುಡ್ಡಿದ್ದೂ ಗೋಳಾಡುವ ಜಿಪುಣರು, ಹೆಂಡತಿಯ ಓಲೆ ಮಾರಿ ಬಣ್ಣದ ಜಟಕಾ ಕೊಳ್ಳುವ ಶೋಕಿಲಾಲರು. ಹೊನ್ನಾಳಿಯ ಗಂಡನಿಂದ ತಲಾಖ್ ಪಡೆದು ಬಂದ ಮೇಲೆ, ಗಂಡಸು ಜಾತಿಯಿಂದ ಅವಳಿಗೆ ದಕ್ಕುತ್ತಿದ್ದ ಸಂತೋಷ ಇದೊಂದೇ.

ಹುಣಸೆ ಮರದ ಕೆಳಗೆ ಯಾರೋ ಸಾಹುಕಾರ ಗುಜರಿಗೆ ಒಪ್ಪಿಸಿಹೋದ ಮೋಟಾರು ಕಾರು ನಿಂತಿತ್ತು. ಯುದ್ಧ ಶುರುವಾಗಿ ಪೆಟ್ರೋಲಿಗೆ ರೇಷನ್ ಬಂದಮೇಲೆ ಅದರ ಸೀಟಿನಲ್ಲಿ ಕೋಳಿಗಳು ಮೊಟ್ಟೆ ಇಡುತ್ತಿದ್ದವು. ಮಕ್ಕಳು ಸೈಕಲ್ಲಿನಿಂದ ಇಳಿದದ್ದೇ ಅದರೊಳಗೆ ನುಗ್ಗಿದವು. ಕೋಳಿಗಳು ಕಿರುಚುತ್ತಾ ಹೊರಗೆ ಬಂದವು.

"ಚಾಚಾ, ಈ ಮೋಟಾರು ಎಷ್ಟಕ್ಕೆ ಬೀಳ್ತೈತ್ರಿ?" ಎಂದು ಆ ಮನುಷ್ಯ ಕೇಳಿದ.

ಬಡೇಸಾಬ ಬಾಯಿ ತೆರೆಯುವ ಮೊದಲೇ ಜಗಲಿಯಿಂದ ಮಾತು ಬಂತು. "ಪೆಟ್ರೋಲ್ ಕೂಪನ್ ತಂದೀರೇನ್ರಿ?"

"ಇಲ್ಲ."

"ಮೋಟಾರು ಓಡ್ಸಾಕೆ ಬರ್ತೈತಾ?"

"ಅದೂ ಇಲ್ಲ."

"ಹಂಗಾದ್ರೆ ಕೋಳಿ ಸಾಕಾಕೆ ಬೇಕೇನೋ. ತಗಳ್ರಿ, ಮೊಟ್ಟೆ ಬಿಟ್ಟಿ."

ಬೇರೆ ಗಂಡಸಾಗಿದ್ದರೆ ಮುಖ ಸಿಂಡರಿಸುತ್ತಿದ್ದ, ಇಲ್ಲವೇ 'ಹೆಂಗಸಿಗೆ ಯಾಕೆ ಈ ಉಸಾಬರಿ' ಎನ್ನುತ್ತಿದ್ದ. ಇವನು ಗಂಭೀರವಾಗಿ ಮೋಟಾರನ್ನೊಮ್ಮೆ ನೋಡಿದ, ಅವಳನ್ನೊಮ್ಮೆ ನೋಡಿದ. "ಎತ್ತು ಕಟ್ಟಿದ್ರೆ ಎಳೀತೈತೇನೋ ಅಂದ್ಕಂಡೆ ಬೀಬಿ. ನಾಕೂ ಕಡೆ ಬಾಗ್ಲು ಐತೆ. ಹುಡುಗ್ರು ಬೀಳಾಂಗಿಲ್ಲ."

ಅವನ ಕಣ್ಣಿನ ಮೂಲೆಯಲ್ಲಿದ್ದದ್ದು ನಗುವೋ, ಕಲಾಯಿ ಹೊಗೆಯ ಕೆಂಪೋ? ಅದನ್ನು ತಿಳಿಯಲು ಶಹರಬಾನು ಬೇಕಾದ್ದಕ್ಕಿಂತ ತುಸು ಹೆಚ್ಚೇ ಹೊತ್ತು ನೋಡಿದಳು. ನೋಡಿದ್ದಕ್ಕೆ ಅವನ ಮೇಲೆಯೇ ಸಿಟ್ಟು ಬಂತು.

ಅವನ ಹೆಸರು ಪೀರ್‌ಸಾಬ್, ಊರು ನ್ಯಾಮತಿ. ಬಡೇಸಾಬ ಕೊಟ್ಟ ಚಹಾ ಊದುತ್ತಾ ತನ್ನ ಕಥೆ ಹೇಳಿಕೊಂಡ. "ಇವ್ರ ತಾಯಿ ಹೋಗಿ ವರ್ಷ ಆತು ಚಾಚಾ. ನಾನು ಸಂತೆ ಸಂತೆ ತಿರುಗೋನು. ಜಗಳೂರಿನ ಭಾವಮೈದುನರು ಹೇಳಿ ಕಳ್ಸ್ಯಾರೆ, ಬರೋ ರಂಜಾನ್ ಕಳೀಲಿ, ಮಕ್ಕಳ್ನ ಹಂಚ್ಕಂತೀವಿ ಅಂತ. ಒಂದು ಜಗಳೂರಿಗೆ, ಒಂದು ಸೊಕ್ಕೆಗೆ, ಒಂದು ಹೊನ್ನಾಳಿಗೆ. ಸೈಕಲ್ ಮೇಲೆ ಮಕ್ಕಳ್ನ ಸಾಕಾಕೆ ಆಗ್ತೈತಾ ಅಂತಾರೆ. ಅವ್ರು ಕೇಳೋದ್ರಲ್ಲೂ ತಪ್ಪಿಲ್ಲ. ಮೂವರೂ ಒಟ್ಟಿಗೆ ಮಲಗೋ ಅಷ್ಟು ಜಾಗ ಇರೋ ಗಾಡಿ ಬೇಕು. ಈ ಸೈಕಲ್ ಮಾರಿದ್ರೆ ಏನು ಬರ್ತೈತೋ ಅಷ್ಟೇ ನನ್ನ ತಾಕತ್ತು."

ಹಂಚಿಕೊಳ್ಳುವುದಕ್ಕೆ ಮಕ್ಕಳೇನು ಬಕ್ರೀದಿನ ಕುರ್ಬಾನಿಯ ಮಾಂಸವೇ? ಶಹರಬಾನುಗೆ ಈಗ ತಾತ್ಸಾರ ಮಾಡಲು ಜಗಳೂರಿನವರೂ ಸಿಕ್ಕರು.

ಹಾಗೆಂದು ಅವಳು ಇವನನ್ನು ಬಿಡಲಿಲ್ಲ. ಇವನ ಕಣ್ಣು ಆಗಲೇ ಹಸಿರು ಬಣ್ಣದ, ಕನ್ನಡಿ ಕೂರಿಸಿದ ಜಟಕಾದ ಮೇಲೆ ಬಿದ್ದಿತ್ತು.

"ಅದ್ನೇ ತಗಳ್ರಿ ಸಾಬ್ರೇ," ಎಂದಳು ದಾರ ಕಚ್ಚುತ್ತಾ. "ಹುಡುಗ್ರು ಹಿಂದಿನಿಂದ ಜಾರಿ ಬಿದ್ರೂ, ನೀವು ಮುಂದೆ ಕೂತು ಮೀಸೆ ನೋಡ್ಕಂತಾ ಹೋಗ್ಬೌದು. ಕುದುರೆ ತಿಂದು ಮಿಕ್ಕಿದ್ ಹುರುಳಿ ಮಕ್ಕಳಿಗೆ."

ಪೀರ್‌ಸಾಬ್ ಮೀಸೆ ಮುಟ್ಟಿ ನೋಡಿಕೊಂಡ. "ಮೀಸೆ ಚೆನ್ನಾಗಿಲ್ಲೇನ್ರಿ?"

"ಅದಕ್ಕೂ ಕಲಾಯಿ ಬೇಕು."

ಬಡೇಸಾಬ ಕೆಮ್ಮಿದ. ಗಿರಾಕಿಯನ್ನು ಓಡಿಸುವುದರಲ್ಲಿ ಮಗಳದು ಎತ್ತಿದ ಕೈ ಎಂದು ಅವನಿಗೆ ಗೊತ್ತಿತ್ತು. ಆದರೆ ಈ ಗಿರಾಕಿ ಓಡಲಿಲ್ಲ. ಮೂಲೆಯಲ್ಲಿದ್ದ ಒಂಟೆತ್ತಿನ ಕಮಾನು ಗಾಡಿಯ ಬಳಿ ಹೋದ. ಸೊಕ್ಕೆಯ ಗಾದ್ರಪ್ಪ ಮಾರಿಹೋದ ಗಾಡಿ ಅದು: ತಗ್ಗಾಗಿತ್ತು, ಬಣ್ಣ ಹೋಗಿತ್ತು, ಮೇಲಿನ ಚಾಪೆ ಹರಿದು ಆಕಾಶ ಕಾಣುತ್ತಿತ್ತು. ಯಾರೂ ತಿರುಗಿ ನೋಡದ ಗಾಡಿ.

ಪೀರ್‌ಸಾಬ್ ಚಕ್ರ ತಟ್ಟಲಿಲ್ಲ, ಅಚ್ಚು ನೋಡಲಿಲ್ಲ. ಚಪ್ಪಲಿ ಬಿಟ್ಟು ಒಳಗೆ ಹತ್ತಿ ಅಂಗಾತ ಮಲಗಿಬಿಟ್ಟ. "ತಾಜ್‌ಬೀ, ಗೌಸ್‌ಪೀರ್, ಬರ್ರಿ ಇಲ್ಲಿ," ಎಂದು ಕೂಗಿದ. ದೊಡ್ಡವಳು ಒಂದು ಪಕ್ಕಕ್ಕೆ, ಹುಡುಗ ಇನ್ನೊಂದು ಪಕ್ಕಕ್ಕೆ, ಪುಟ್ಟ ರಹಮತ್‌ಬೀ ಅವನ ಹೊಟ್ಟೆಯ ಮೇಲೆ. ಗಾಡಿಯ ಹಿಂದಿನಿಂದ ದೂಳು ಮೆತ್ತಿದ ಎರಡು ದೊಡ್ಡ ಪಾದಗಳು ಮಾತ್ರ ಹೊರಗೆ ಚಾಚಿಕೊಂಡಿದ್ದವು. ಒಳಗಿನಿಂದ ಜಯಭೇರಿಯಂತೆ ದನಿ ಬಂತು: "ಸಾಲ್ತೈತೆ ಚಾಚಾ!"

ಶಹರಬಾನುಗೆ ನಗು ತಡೆಯಲಾಗಲಿಲ್ಲ. ದಬ್ಬಣ ಬೆರಳಿಗೆ ಚುಚ್ಚಿತು. 'ಥೂ, ಎಂಥ ಗಂಡಸಪ್ಪಾ,' ಎಂದು ಬೆರಳು ಬಾಯಿಗಿಟ್ಟುಕೊಂಡಳು. ಆ ಅಂಗಳದಲ್ಲಿ ಅತ್ಯಂತ ಒಳ್ಳೆಯ ಗಾಡಿ ಅದೇ ಎಂಬುದು ಅವಳಿಗೆ ಗೊತ್ತಿತ್ತು. ದಡ್ಡನಿಗೆ ಹೇಗೆ ಗೊತ್ತಾಯಿತೋ.

ವ್ಯಾಪಾರ ಕುದುರಿಸುವುದು ದನದ ಸಂತೆಯ ಪದ್ಧತಿಯಲ್ಲೇ. ಇಬ್ಬರ ಕೈ ಮೇಲೆ ಟವಲು ಹೊದಿಸಿ, ಬಾಯಿ ಮುಚ್ಚಿ, ಒಳಗೊಳಗೇ ಬೆರಳು ಹಿಡಿಯಬೇಕು. ಒಂದೊಂದು ಬೆರಳಿಗೆ ಹತ್ತು ರೂಪಾಯಿ, ಇಡೀ ಕೈ ಅಂದರೆ ಐವತ್ತು. ಟವಲು ತೆಗೆದ ಮೇಲೆ ಮಾತು ಬದಲಿಸುವಂತಿಲ್ಲ. ಪೀರ್‌ಸಾಬ್ ಇಡೀ ಕೈ ಹಿಡಿದ, ಬಡೇಸಾಬ ಹಿಗ್ಗಿ ತಲೆಯಾಡಿಸಿದ, ಟವಲು ಸರಿಯಿತು. ಗಾಡಿಯಲ್ಲೇ ನಿದ್ದೆ ಹೋದ ಮಕ್ಕಳನ್ನು ಹಾಗೇ ಬಿಟ್ಟು ಪೀರ್‌ಸಾಬ್ ಪೇಟೆಗೆ ಹೋದ, ಸೈಕಲ್ ಮಾರಿ ಮಧ್ಯಾಹ್ನಕ್ಕೆ ಬಂದು ಐವತ್ತು ಎಣಿಸಿಕೊಟ್ಟ.

"ಹತ್ತು ಹೆಚ್ಚಿಗೆ ಐತಲ್ಲಪ್ಪ?" ಎಂದ ಬಡೇಸಾಬ.

"ಇಡೀ ಕೈ ಹಿಡಿದಿದ್ದೆ ಚಾಚಾ."

ಬಡೇಸಾಬ ಪೆಚ್ಚಾಗಿ ಬಲಗೈ ಎತ್ತಿ ತೋರಿಸಿದ. ಕಿರುಬೆರಳಿನ ಜಾಗದಲ್ಲಿ ಮೊಂಡು. ಮರ ಕೆತ್ತುವ ಬಾಚಿಯ ಏಟಿಗೆ ಯಾವತ್ತೋ ಹೋಗಿತ್ತು. ಬಡೇಸಾಬನ ಇಡೀ ಕೈ ಅಂದರೆ ನಲವತ್ತು ಎಂದು ಚನ್ನಗಿರಿಯ ಎತ್ತುಗಳಿಗೂ ಗೊತ್ತು. ನ್ಯಾಮತಿಯವನಿಗೆ ಹೇಗೆ ಗೊತ್ತಾಗಬೇಕು?

ಇವನು ವಾಪಸು ತಗೊಳ್ಳಲೊಲ್ಲ, ಅವನು ಇಟ್ಟುಕೊಳ್ಳಲೊಲ್ಲ. "ಟವಲಿನ ಕೆಳಗಿನ ಮಾತು" ಎಂದು ಇವನು, "ಹರಾಮಿನ ದುಡ್ಡು" ಎಂದು ಅವನು. ಶಹರಬಾನುಗೆ ರೇಗಿತು. ಎದ್ದು ಬಂದು ಆ ಹತ್ತರ ನೋಟನ್ನು ಕಿತ್ತುಕೊಂಡಳು.

"ಬೆರಳು ಎಣಿಸಾಕೆ ಬರದಿರೋ ಇಬ್ರು ಕೂಡಿದ್ರೆ ಹಿಂಗೇ. ಇದ್ರಾಗೆ ಕಮಾನಿಗೆ ಹೊಸ ಚಾಪೆ ಹಾಕ್ತೀನಿ, ಒಳಗೆ ಮೆತ್ತೆ ಹೊಲಿತೀನಿ. ಅಲ್ಲೀತಂಕ ಗಾಡಿ ಇಲ್ಲೇ ಇರ್ಲಿ."

ಹೀಗೆ ಪೀರ್‌ಸಾಬ್ ಬರುವುದಕ್ಕೆ ಒಂದು ನೆಪವಾಯಿತು. ಯಾರದಾದರೂ ಗಾಡಿ ಹತ್ತಿ ಚನ್ನಗಿರಿ ಸಂತೆಗೆ ಬಂದಾಗಲೆಲ್ಲ ಮಕ್ಕಳೊಂದಿಗೆ ಹಾಜರು. ಮೆತ್ತೆಯ ಬಟ್ಟೆ ಯಾವುದಿರಲಿ ಎಂದು ಕೇಳುತ್ತಿದ್ದ, ಕೇಳಿ ಬಯ್ಯಿಸಿಕೊಳ್ಳುತ್ತಿದ್ದ. ಒಂದು ಸಲ ಬಿಳೀ ಬಟ್ಟೆ ತಂದ. "ಉಚ್ಚೆ ಹೊಯ್ಯೋ ಮಕ್ಕಳಿಗೆ ಬಿಳೀದಾ? ನವಾಬರು ಬಂದ್ರು!" ಎಂದು ಅವಳು ಅದನ್ನು ಎಸೆದಳು. ಇನ್ನೊಂದು ಸಲ ಎತ್ತಿಗೆಂದು ಗೆಜ್ಜೆ ತಂದು ತೋರಿಸಿದ. ಎತ್ತು ಯಾವುದು ಎಂದು ಕೇಳಿದರೆ ಅಣ್ಣನ ಮನೆಯ ಮುದಿ ಎತ್ತು. "ಮುದುಕನಿಗೆ ಗೆಜ್ಜೆ ಕಟ್ಟಿ ಕುಣಿಸ್ತೀರಾ?"

ಅವನು ನಗುತ್ತಿದ್ದ. ಅವಳು ಬಯ್ಯುವಾಗ ಅವನ ಮುಖ, ಬೂದಿಯಲ್ಲಿ ತಿಕ್ಕಿದ ತಟ್ಟೆಯಂತೆ ಬೆಳಗುತ್ತಿತ್ತು. ಸಂತೆಯ ದಿನ ಅವಳು ಜಗಲಿಯನ್ನು ಎರಡು ಸಲ ಗುಡಿಸಲು ಶುರುಮಾಡಿದಳು. ಒಂದು ವಾರದ ಹೊಲಿಗೆಯನ್ನು ಬಿಚ್ಚಿ, ಸೊಟ್ಟಗಾಗಿದೆ ಎಂದು ಸುಳ್ಳು ಹೇಳಿ ಮತ್ತೆ ಹೊಲಿದಳು. ತನಗೆ ಏನಾಗುತ್ತಿದೆ ಎಂದು ಅವಳಿಗೆ ಗೊತ್ತಿತ್ತು, ಗೊತ್ತಿದ್ದೇ ಹೆದರಿಕೆಯಾಗುತ್ತಿತ್ತು.

ಬಡೇಸಾಬನಿಗೆ ಹೆದರಿಕೆ ಇರಲಿಲ್ಲ. ರಂಜಾನ್ ಮುಗಿಯಲು ಬಂದ ಒಂದು ದಿನ, ಮಗಳ ಪಕ್ಕ ಕೂತು, "ಬೇಟಿ, ಒಳ್ಳೇ ಮನುಷ್ಯ. ಆ ಮಕ್ಕಳಿಗೂ ಒಂದು ದಿಕ್ಕಾಗ್ತೈತೆ," ಎಂದ.

ಶಹರಬಾನು ಮೆತ್ತೆಯನ್ನು ನೆಲಕ್ಕೆ ಒಗೆದಳು. "ಗಾಡಿ ಜೊತೆ ನನ್ನೂ ಹೂಡಿ ಕಳಿಸ್ತೀಯಾ ಅಬ್ಬಾ? ಹೊನ್ನಾಳಿಯೋನು ಲಕ್ವ ಹೊಡೆದ ತಾಯಿ ಸೇವೆ ಮಾಡಾಕೆ ನನ್ನ ಕಟ್ಕಂಡ. ತಾಯಿ ಮಣ್ಣಾದಳು, ನಾನು ಬೇಡಾದೆ. ಈ ಮಕ್ಕಳು ಬೆಳೆದ ಮೇಲೆ ಇವ್ನಿಗೂ ಬೇಡಾಗ್ತೀನಿ. ಇವ್ನಿಗೆ ಬೇಕಿರೋದು ಹೆಂಡ್ತಿ ಅಲ್ಲ, ಆಯಾ. ಬಿಟ್ಟಿ ಆಯಾ!"

ತಿರುಗಿದರೆ ಬಾಗಿಲಲ್ಲಿ ಪೀರ್‌ಸಾಬ್ ನಿಂತಿದ್ದ, ಎತ್ತಿನ ಹಗ್ಗ ಕೈಯಲ್ಲಿ. ಗಾಡಿ ಒಯ್ಯಲು ಬಂದಿದ್ದ. ಅವನ ಮುಖದಲ್ಲಿ ಆವತ್ತು ನಗುವಿರಲಿಲ್ಲ.

"ಬೀಬಿ ಹೇಳಿದ್ದು ಸರಿ ಐತೆ ಚಾಚಾ," ಎಂದಷ್ಟೇ ಹೇಳಿದ. ಎತ್ತು ಕಟ್ಟಿದ, ಮಕ್ಕಳನ್ನು ಹತ್ತಿಸಿದ, ಹೊರಟುಹೋದ. ಪುಟ್ಟ ರಹಮತ್‌ಬೀ ಕಮಾನಿನ ಒಳಗಿನಿಂದ ಕೈ ಬೀಸಿತು. ಶಹರಬಾನು ಬೀಸಲಿಲ್ಲ.

ಮುಂದಿನ ಸಂತೆಗೆ ಅವನು ಬರಲಿಲ್ಲ. ಅದರ ಮುಂದಿನದಕ್ಕೂ ಇಲ್ಲ. ರೋಷ ಇರುವ ಗಂಡಸಾಗಿದ್ದರೆ ಬಂದು ಜಗಳವಾಡಬಾರದೇ? ಬಾಯಿ ಸತ್ತವನು, ಹೇಡಿ. ಹೀಗೆಂದು ಅವನನ್ನು ದಿನವೂ ಬಯ್ದಳು. ಎದುರಿಗೆ ಆಳಿಲ್ಲದೆ ಬಯ್ಯುವುದರಲ್ಲಿ ರುಚಿಯೇ ಇಲ್ಲ ಎಂದು ತಿಳಿದಾಗ, ತನ್ನನ್ನೇ ಬಯ್ದುಕೊಂಡಳು. ಹಬ್ಬದ ಶಾವಿಗೆಯನ್ನು ಕೋಳಿಗಳಿಗೆ ಹಾಕಿದಳು.

ಎಣ್ಣೆ ಮಾರುವ ತಿಪ್ಪೇಶಪ್ಪ ಸುದ್ದಿ ತಂದ. "ನಿಮ್ಮ ಕಲಾಯಿ ಸಾಬ್ರನ್ನ ಹೊನ್ನಾಳಿ ಸಂತೇಲಿ ಕಂಡೆ. ಜಗಳೂರಿನೋರು ಮಕ್ಕಳ್ನ ಕರ್ಕಂಡೋಗಾಕೆ ಅಲ್ಲಿಗೇ ಬಂದಿದ್ರು. ಬೇವಿನ ಮರದ ನೆಳ್ಳಲ್ಲಿ ಗಾಡಿ, ಒಳಗೆ ಮೆತ್ತೆ ಮೇಲೆ ಮಕ್ಕಳು ಮಂಡಕ್ಕಿ ತಿಂತಾ ಕುಂತಿದ್ವು. ಸಾಬ್ರು ಪಕ್ಕದಲ್ಲೇ ರೊಟ್ಟಿ ತಟ್ತಿದ್ರು. ಜಗಳೂರಿನೋರು ಉಂಡು, ಬಾಯಿ ಒರೆಸ್ಕಂಡು, ಮಕ್ಕಳ್ನ ಕೇಳ್ದೆ ಹಂಗೇ ಎದ್ದೋದ್ರು."

ಒಳ್ಳೆಯದಾಯಿತು ಎಂದುಕೊಂಡಳು ಶಹರಬಾನು. ನಿಜವಾಗಿಯೂ ಒಳ್ಳೆಯದಾಯಿತು ಎಂದೇ ಅನ್ನಿಸಿತು. ಆಮೇಲೆ ಒಳಗೆ ಹೋಗಿ ಹುಲ್ಲಿನ ರಾಶಿಯ ಹಿಂದೆ ಕೂತು ಅತ್ತಳು. ಅವನಿಗೆ ಇನ್ನು ಯಾರ ಹಂಗೂ ಇಲ್ಲ. ಇನ್ನೇಕೆ ಬಂದಾನು?

ಅವನು ಬಂದ. ಸಂತೆಯಲ್ಲದ ದಿನ, ಮಧ್ಯಾಹ್ನ ಇಳಿಯುವ ಹೊತ್ತಿಗೆ. ಗಾಡಿ ಅಂಗಳದಲ್ಲಿ ನಿಂತಿತು. ಮಕ್ಕಳು ಕೋಳಿಗಳ ಹಿಂದೆ ಓಡಿದವು. ಶಹರಬಾನು ಎದೆಯ ಬಡಿತ ಕೇಳಿಸದಿರಲಿ ಎಂದು ಜೋರಾಗಿಯೇ ಮಾತಾಡಿದಳು.

"ಏನ್ರಿ, ಅಚ್ಚು ಮುರೀತಾ?"

"ಇಲ್ಲ."

"ಕಮಾನು ಸೋರ್ತೈತಾ?"

"ಒಂದು ಹನೀನೂ ಇಲ್ಲ."

"ಮತ್ಯಾಕ್ ಬಂದ್ರಿ?"

ಪೀರ್‌ಸಾಬ್ ಟೋಪಿ ತೆಗೆದು ಮತ್ತೆ ಹಾಕಿಕೊಂಡ. "ಮಕ್ಕಳು ನನ್ನ ಹತ್ರಾನೇ ಇರ್ತಾವೆ. ಅಡಿಗೆ ಮಾಡಾಕೆ ಬರ್ತೈತೆ. ಬಟ್ಟೆ ಒಗೀತೀನಿ. ಜ್ವರ ಬಂದ್ರೆ ಕಷಾಯ ಕುಡ್ಸಾಕೂ ಕಲ್ತೀನಿ. ನಂಗೆ ಆಯಾ ಬೇಕಾಗಿಲ್ಲ, ಬಾನು."

ಅವನು ಹೆಸರು ಹಿಡಿದು ಕರೆದದ್ದು ಅದೇ ಮೊದಲು. ಅವಳ ಮುಖ ಬಿಸಿಯಾಯಿತು. "ಬೇಕಾಗಿಲ್ಲ ಅಂತ ಹೇಳಾಕೆ ಇಷ್ಟು ದೂರ ಎತ್ತು ಹೊಡ್ಕಂಡ್ ಬಂದ್ರಾ?"

"ಹೂಂ. ಅವತ್ತೇ ಕೇಳೋದಿತ್ತು. ಮಕ್ಕಳು ಕೈ ತಪ್ಪಿ ಹೋಗ್ತಾವೆ ಅನ್ನೋ ಭಯದಾಗೆ ಕೇಳಿದ್ರೆ ನೀವು ನಂಬ್ತಿರ್ಲಿಲ್ಲ. ನಂಗೂ ನನ್ನ ಮೇಲೆ ನಂಬಿಕೆ ಇರ್ಲಿಲ್ಲ. ಈಗ ಯಾವ ದರ್ದೂ ಇಲ್ಲ. ಆದ್ರೂ ದಾರೀಲಿ ಯಾರನ್ನಾದ್ರೂ ಕಂಡ್ರೆ, ಇವ್ರನ್ನ ನೋಡಿ ಬಾನು ಏನಂತಿದ್ಲು ಅಂತ ಯೋಚ್ನೆ ಬರ್ತೈತೆ. ಒಬ್ನೇ ನಗ್ತೀನಿ. ಎತ್ತು ತಿರುಗಿ ನೋಡ್ತೈತೆ."

ಶಹರಬಾನು ಕೈಯಲ್ಲಿದ್ದ ದಬ್ಬಣವನ್ನು ಕೆಳಗಿಟ್ಟಳು. ಅವಳ ದುಡಿಯುವ ಕೈಗಳನ್ನು ಕೇಳಿಕೊಂಡು ಬಂದವರಿದ್ದರು. ಅವಳ ನಾಲಿಗೆಯನ್ನು ಕೇಳಿಕೊಂಡು ಈ ತನಕ ಯಾರೂ ಬಂದಿರಲಿಲ್ಲ.

ಅಷ್ಟರಲ್ಲಿ ತಾಜ್‌ಬೀ ಓಡಿಬಂದು ಅವಳ ಸೆರಗು ಹಿಡಿದಳು. ಶಹರಬಾನು ಹುಡುಗಿಯ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು ಬೆಳಕಿಗೆ ಬಗ್ಗಿಸಿದಳು.

"ಇದು ಬೈತಲೇನಾ? ಎತ್ತು ಉಚ್ಚೆ ಹೊಯ್ದಂಗೈತೆ. ಇದ್ನ ನೋಡಿ ಮೆಚ್ಕಂಡು ಹೋದ್ರಾ ಜಗಳೂರಿನೋರು? ಕಣ್ಣಿಲ್ವಾ ಅವ್ರಿಗೆ?"

"ಬಾಚೋದು ಇನ್ನೂ ಕಲೀತಿದೀನಿ. ಅದಕ್ಕೂ ನೀವು ಬೇಕು ಅಂತೇನಿಲ್ಲ."

"ಕಲೀರಿ. ಯಾರು ಬೇಡ ಅಂದ್ರು?" ಎಂದಳು ಶಹರಬಾನು. ಕಣ್ಣು ತುಂಬಿತ್ತು, ತುಟಿಯ ಕೊಂಕು ಹಾಗೇ ಇತ್ತು. "ದಿನಾ ಬೆಳಿಗ್ಗೆ ನನ್ನ ಮುಂದೆ ಕೂತು ಕಲೀರಿ. ಸೊಟ್ಟ ಬಂದ್ರೆ ಬೈತೀನಿ. ಸಾಯೋತಂಕ ಬೈತೀನಿ."

ಪೀರ್‌ಸಾಬ್ ಅವಳನ್ನೇ ನೋಡುತ್ತಾ ನಿಂತ. ಅವಳು ಅವನ ನೋಟವನ್ನು ತಪ್ಪಿಸಲಿಲ್ಲ. ಮನೆಯ ಕಡೆ ತಿರುಗಿ ದನಿ ಏರಿಸಿದಳು.

"ಅಬ್ಬಾ, ಬಾಗಿಲ ಸಂದೀಲಿ ಕಿವಿ ಇಟ್ಕಂಡು ನಿಂತಿದ್ದು ಸಾಕು. ಖಾಜಿ ಸಾಹೇಬ್ರು ಊರಲ್ಲಿದಾರಾ ನೋಡ್ಕಂಡ್ ಬಾ."

ಬಡೇಸಾಬ ಚಪ್ಪಲಿ ಮೆಟ್ಟುವುದನ್ನೂ ಮರೆತು ಬರಿಗಾಲಲ್ಲೇ ಓಡಿದ.