ಅತ್ತೆಯ ಕ್ಯಾಮೆರಾದ ಚರ್ಮದ ಕೇಸು

ಭದ್ರಾವತಿಯಲ್ಲಿದ್ದ ನನ್ನ ಸೋದರತ್ತೆ ಬಸವರಾಜೇಶ್ವರಿ ತೀರಿಕೊಳ್ಳುವ ಮುಂಚೆ ತಮ್ಮ ರೀಲ್ ಕ್ಯಾಮೆರಾವನ್ನು ನನಗೆ ಕೊಟ್ಟರು. "ಚರ್ಮದ ಕೇಸಿಲ್ದೆ ಇದನ್ನ ಹೊರಗೆ ಒಯ್ಯಬೇಡ ಮಾರಾಯ" ಎಂದಿದ್ದರು. ಕೇಸು ಬಿಚ್ಚುವಷ್ಟರಲ್ಲಿ ಹಕ್ಕಿ ಹಾರಿಹೋಗುತ್ತದೆ ಎಂದು ನಾನು ವಾದಿಸಿದೆ. ಅವರು ನಕ್ಕರು.

ಹೋದ ಜನವರಿಯ ಒಂದು ಬೆಳಿಗ್ಗೆ ಕೇಸನ್ನು ಶಿವಮೊಗ್ಗದ ಮನೆಯಲ್ಲೇ ಬಿಟ್ಟು, ಬರೀ ಕ್ಯಾಮೆರಾ ಹಿಡಿದು ಹೊಳೆಹೊನ್ನೂರಿಗೆ ಹೋದೆ. ಭದ್ರಾ ಹೊಳೆಯ ದಂಡೆಯಲ್ಲಿ ಮಿಂಚುಳ್ಳಿಯ ಫೋಟೊ ತೆಗೆಯುವಾಗ ಕ್ಯಾಮೆರಾ ಕೈಜಾರಿ ಬಂಡೆಯ ಮೇಲೆ ಬಿತ್ತು. ಆದರೆ ಕೇಳಿಸಿದ್ದು ದಿಂಬು ಬಿದ್ದಂಥ ಮೆತ್ತನೆಯ ಸದ್ದು. ಎತ್ತಿಕೊಂಡು ನೋಡಿದರೆ ಒಂದು ಗೀರೂ ಇಲ್ಲ. ಅಂಥ ಚಳಿಯಲ್ಲೂ ಅದು ಯಾರೋ ಅಂಗೈಯಲ್ಲಿ ಹಿಡಿದಿದ್ದ ಹಾಗೆ ಬೆಚ್ಚಗಿತ್ತು. ಅತ್ತೆ ಕೇಸಿಗೆ ಹಚ್ಚುತ್ತಿದ್ದ ಹರಳೆಣ್ಣೆಯ ವಾಸನೆ ಬಂತು. ನನಗೆ ಭಯವಾಗಲಿಲ್ಲ, ಕಣ್ಣು ತುಂಬಿ ಬಂತು. "ತಪ್ಪಾಯ್ತು ಅತ್ತೆ" ಎಂದೆ.

ಮನೆಗೆ ಬಂದರೆ ಹೆಂಡತಿ ಸ್ಫೂರ್ತಿ ಕೇಸು ಹಿಡಿದು ನಿಂತಿದ್ದಳು. "ರೀ, ಇದು ಯಾವಾಗ ಹರೀತು? ಬೆಳಿಗ್ಗೆ ನಾನೇ ಬೀರುವಿನಲ್ಲಿಟ್ಟು ಬೀಗ ಹಾಕಿದ್ದೆ. ಆಗ ಚೆನ್ನಾಗೇ ಇತ್ತಲ್ಲ!"

ಕೇಸಿನ ಒಂದು ಮೂಲೆ ಜಜ್ಜಿ ಹರಿದಿತ್ತು. ಹರಿದ ಜಾಗದಲ್ಲಿ ಒದ್ದೆ ಮರಳು ಮೆತ್ತಿಕೊಂಡಿತ್ತು.